ಕುಕು ಸೈಮಾ ಹತ್ತುವ ಗಾಡಿ

ಗಾಡಿ ಕೊಳ್ಳಲು ಹೋದವರು ಮೊದಲು ಇಂಜಿನ್ ನೋಡುತ್ತಾರೆ, ಆಮೇಲೆ ಟೈರು ಒದೆಯುತ್ತಾರೆ, ಕೊನೆಗೆ ಎಲ್ಲ ಬಲ್ಲವರ ಹಾಗೆ ತಲೆಯಾಡಿಸುತ್ತಾರೆ. ನಮ್ಮ ಟೊಯ್ನಿ ಹೈಂಬೋಡಿ ಇದ್ಯಾವುದನ್ನೂ ಮಾಡಲಿಲ್ಲ. ನರ್ಸಿನ ಬಿಳಿ ಅಂಗಿಯ ಜೇಬಿನಿಂದ ತಾಳೆಗರಿಯ ಸೀಳೊಂದನ್ನು ತೆಗೆದು, ಗಾಡಿಯ ಬಾಗಿಲ ಕೆಳಗೆ ಕುಕ್ಕರುಗಾಲಲ್ಲಿ ಕೂತು, ನೆಲದಿಂದ ಫುಟ್‌ಬೋರ್ಡಿಗೆ ಎಷ್ಟು ಎತ್ತರ ಎಂದು ಅಳೆದಳು. ಸೀಳಿನಲ್ಲಿ ಎರಡು ಗಂಟುಗಳಿದ್ದವು. ಕೆಳಗಿನದು ಅವಳ ತಾಯಿ ಯಾರ ಆಸರೆಯಿಲ್ಲದೆ ಕಾಲೆತ್ತಿ ಇಡಬಲ್ಲ ಎತ್ತರ. ಮೇಲಿನದು ಸೀಟು ಇರಬೇಕಾದ ಎತ್ತರ. ಅದಕ್ಕಿಂತ ತಗ್ಗಾದರೆ ಮುದುಕಿ ಏಳಲಾರಳು, ಎತ್ತರವಾದರೆ ಕೂರಲಾರಳು.

ನಾನು ಪಕ್ಕದಲ್ಲೇ ನಿಂತಿದ್ದೆ. ನನ್ನ ಹೆಸರು ರೌನಾ. ಆರೋಗ್ಯ ಕೇಂದ್ರದಲ್ಲಿ ಔಷಧಿ ಕೊಡುವ ಕಿಟಕಿಯ ಹಿಂದೆ ಕೂರುವವಳು. ಟೊಯ್ನಿ ಅಲ್ಲೇ ಹೆರಿಗೆ ನರ್ಸು. ನಾವಿಬ್ಬರೂ ಇರುವುದು ಓಮುಕ್ವಾ ಎಂಬ ಹಳ್ಳಿಯಲ್ಲಿ, ಕೇಂದ್ರ ಇರುವುದು ಮೂವತ್ತು ಕಿಲೋಮೀಟರ್ ಆಚೆ, ಅದರಲ್ಲಿ ಒಂಬತ್ತು ಕಿಲೋಮೀಟರ್ ಬರೀ ಮರಳು. ಹದಿನಾಲ್ಕು ವರ್ಷದಿಂದ ದಿನ ಬೆಳಗಾದರೆ ಅವಳ ಗಾಡಿಯಲ್ಲೇ ನಾನು ಕೆಲಸಕ್ಕೆ ಹೋಗುವುದು. ಹಾಗಾಗಿ ಅವಳು ಯಾವ ಗಾಡಿ ಕೊಳ್ಳುತ್ತಾಳೆ ಎಂಬುದು ನನ್ನ ಸೊಂಟದ ಪ್ರಶ್ನೆಯೂ ಆಗಿತ್ತು. ನಾನು ಸಣ್ಣ ಹೆಂಗಸಲ್ಲ. ಬೇರೆಯವರು ಹೇಳುವ ಮೊದಲು ನಾನೇ ಹೇಳಿಬಿಡುತ್ತೇನೆ.

ಟೊಯ್ನಿ ನನ್ನ ತದ್ವಿರುದ್ಧ. ಒಣ ಕಡ್ಡಿಯಂಥ ಮೈ, ಗಾಳಿಯಂಥ ನಡಿಗೆ. ಹೆರಿಗೆ ಕೋಣೆಯಲ್ಲಿ ಅವಳ ದನಿ ಎದ್ದರೆ ಹೆರುವವಳು ಅಳು ನಿಲ್ಲಿಸುತ್ತಾಳೆ, ಹೊರಗೆ ಕೂತ ಗಂಡ ಎದ್ದು ನಿಲ್ಲುತ್ತಾನೆ. ನಮ್ಮ ಸುತ್ತಲಿನ ಊರುಗಳಲ್ಲಿ ಅವಳ ಹೆಸರಿಟ್ಟುಕೊಂಡ ಹುಡುಗಿಯರು ಹನ್ನೊಂದು ಮಂದಿ. ಒಂದು ಗಂಡು ಮಗುವಿಗೂ ಇಡಲು ಹೊರಟಿದ್ದರು, ಪಾದ್ರಿ ತಡೆದರು. ಒಂದೇ ಹೆಸರಿನವರನ್ನು ನಾವು ಎಂಬುಶೆ ಎನ್ನುತ್ತೇವೆ. ಎಂಬುಶೆ ಎಂದರೆ ರಕ್ತಸಂಬಂಧಕ್ಕಿಂತ ಒಂದು ತೂಕ ಹೆಚ್ಚೇ. ಹನ್ನೊಂದು ಮಂದಿಯ ಹುಟ್ಟುಹಬ್ಬ, ಶಾಲೆಯ ಬೂಟು, ಕ್ರಿಸ್‌ಮಸ್ಸಿನ ಲಂಗ ಎಲ್ಲದರ ನೆನಪೂ ಟೊಯ್ನಿಗಿದೆ. ಊರಿಗೆಲ್ಲ ಹುಲಿಯಾದ ಈ ಹೆಂಗಸು ಮನೆಯ ಬೇಲಿಯೊಳಗೆ ಕಾಲಿಟ್ಟರೆ ತಾಯಿಯ ಮುಂದೆ ಬೆಕ್ಕಿನ ಮರಿ. ಗಂಡ ಎರಾಸ್ಟಸ್ ದೂರದ ಬಂದರಿನಲ್ಲಿ ಮೀನು ಹಡಗಿನ ಮೇಲಿರುವವನು. ವರ್ಷಕ್ಕೆರಡು ಸಲ ಬಂದು, ಚೆನ್ನಾಗಿ ಉಂಡು, ನಗಿಸಿ ಹೋಗುತ್ತಾನೆ.

ಅವಳ ಹಳೆಯ ಕಾರು ಹೊಟ್ಟೆ ನೆಲಕ್ಕೆ ತಾಗುವಷ್ಟು ತಗ್ಗು. ವಾರಕ್ಕೆರಡು ಸಲ ಮರಳಲ್ಲಿ ಹೂತುಕೊಳ್ಳುತ್ತಿತ್ತು. ಸ್ಟೇರಿಂಗ್ ಹಿಡಿಯುವುದು ಟೊಯ್ನಿ, ತಳ್ಳುವುದು ನಾನು. ಹೋದ ಮಳೆಗಾಲದಲ್ಲಿ ಬಯಲಿಗೆಲ್ಲ ನೀರು ಬಂದು, ಜನ ರಸ್ತೆಯ ಮೇಲೇ ಮೀನಿನ ಬಲೆ ಹಾಕಿ ಕೂತಿದ್ದಾಗ ಅದು ನೀರಿನ ನಡುವೆ ಎರಡು ಸಲ ಕೆಮ್ಮಿ ನಿಂತಿತು. ಮತ್ತೆ ಏಳಲಿಲ್ಲ. ಎಳೆದು ತಂದ ಮೇಲೆ ಹಿಂದಿನ ಸೀಟಿನ ಕೆಳಗೆ ಮೊಳದುದ್ದದ ಒಂದು ಮೀಸೆಮೀನು ಸಿಕ್ಕಿತು. ಸಾರು ಮಾಡಿ, ಸಜ್ಜೆ ಮುದ್ದೆಯ ಜೊತೆ ಉಂಡೆವು. ಆ ಕಾರಿನಿಂದ ಕೊನೆಗೆ ಆದ ಉಪಕಾರ ಅದೊಂದೇ.

ಆದರೆ ಕಾರು ಸಾಯುವ ಎಷ್ಟೋ ಮೊದಲೇ ಕುಕು ಸೈಮಾ ಅದನ್ನು ಹತ್ತುವುದನ್ನು ಬಿಟ್ಟಿದ್ದರು. ಕುಕು ಎಂದರೆ ಟೊಯ್ನಿಯ ತಾಯಿ. ಅಜ್ಜಿ ವಯಸ್ಸಿನ ಅವರನ್ನು ಊರೆಲ್ಲ ಕುಕು ಎನ್ನುತ್ತದೆ, ಟೊಯ್ನಿ ಒಬ್ಬಳು ಮೇಮೆ, ಅಂದರೆ ಅಮ್ಮ, ಎನ್ನುತ್ತಾಳೆ. ಮರ್ಯಾದೆಗೆ ಬೇರೆ ಹೆಂಗಸರನ್ನೂ ನಾವು ಮೇಮೆ ಎಂದು ಕರೆಯುವುದುಂಟು. ಎಂಬತ್ತೊಂದು ವರ್ಷ, ಮೊಣಕಾಲು ಕೈಕೊಟ್ಟಿದೆ, ನಾಲಿಗೆ ಕೈಕೊಟ್ಟಿಲ್ಲ. ಎರಡು ವರ್ಷದ ಹಿಂದೆ ಒಂದು ಭಾನುವಾರ ಚರ್ಚಿನ ಅಂಗಳದಲ್ಲಿ ಆ ತಗ್ಗು ಸೀಟಿನಿಂದ ಏಳಲಾಗದೆ ಸಿಕ್ಕಿಹಾಕಿಕೊಂಡರು. ನಾಲ್ಕು ಗಂಡಸರು ಕೈಕಾಲು ಹಿಡಿದು ಎಳೆದರು. ತಲೆವಸ್ತ್ರ ಜಾರಿ ಬಿತ್ತು. ಮುಂದಿನ ತಿಂಗಳು ಮಗ ಮಲಾಕಿಯ ತನ್ನ ಎತ್ತರದ ಬಕ್ಕಿ ತಂದ. ನಮ್ಮ ಕಡೆ ಪಿಕಪ್ಪಿಗೆ ಬಕ್ಕಿ ಎಂದೇ ಹೆಸರು. ಹತ್ತಲು ಸ್ಟೂಲು ಇಟ್ಟ. ಸ್ಟೂಲು ಮರಳಲ್ಲಿ ವಾಲಿತು, ಕುಕು ಎಲ್ಲರ ಎದುರು ನೆಲದ ಮೇಲೆ ಕೂತರು. ಮೂಳೆಗೆ ಏನೂ ಆಗಲಿಲ್ಲ, ಮರ್ಯಾದೆಗೆ ಆಯಿತು.

"ಇನ್ನು ನನ್ನ ಎತ್ತೋದು ಒಂದೇ ಸಲ," ಎಂದರು ಕುಕು. "ಅವತ್ತು ನನಗೆ ಗೊತ್ತಾಗಲ್ಲ, ಆವಾಗ ಬೇಕಾದ್ರೆ ಎತ್ಕೊಳಿ."

ಅಂದಿನಿಂದ ಬೇಲಿ ದಾಟಿರಲಿಲ್ಲ. ಪಾದ್ರಿಯೇ ಮನೆಗೆ ಬಂದು ಪ್ರಾರ್ಥನೆ ಮಾಡಿ ಹೋಗುತ್ತಿದ್ದರು.

ಹೀಗಿರುವಾಗ ಮಲಾಕಿಯನ ಮಗಳಿಗೆ ಮದುವೆ ಗೊತ್ತಾಯಿತು. ಆಗಸ್ಟಿನ ಶನಿವಾರ, ಏನ್‌ಹಾನಾದ ಕಡೆ ಇರುವ ಮಲಾಕಿಯನ ಮನೆಯಲ್ಲಿ, ನಮ್ಮಿಂದ ಎಪ್ಪತ್ತು ಕಿಲೋಮೀಟರ್. ಹುಡುಗಿಯ ಹೆಸರೂ ಸೈಮಾ. ಅಜ್ಜಿಯ ಹೆಸರನ್ನೇ ಇಟ್ಟಿದ್ದರು, ಅಜ್ಜಿಯ ಎಂಬುಶೆ. ಹೆಸರು ಕೊಟ್ಟವಳು ಬಾರದ ಮದುವೆ ಉಪ್ಪಿಲ್ಲದ ಊಟ. ಇದು ಎಲ್ಲರಿಗಿಂತ ಚೆನ್ನಾಗಿ ಕುಕುವಿಗೇ ಗೊತ್ತಿತ್ತು. ಆದರೂ ಕಡ್ಡಿ ಮುರಿದಂತೆ ಹೇಳಿದರು.

"ನನ್ನ ಕಾಲ ಮೇಲೆ ಹತ್ತಿ, ನನ್ನ ಕಾಲ ಮೇಲೆ ಇಳಿಯೋ ಹಾಗಿದ್ರೆ ಬರ್ತೀನಿ. ಇಲ್ದಿದ್ರೆ ಸೈಮಾ ಮದುವೆ ಸೈಮಾ ಇಲ್ದೇನೇ ಆಗ್ಲಿ."

ಮರುದಿನ ಔಷಧಿ ಕಿಟಕಿಯ ಹತ್ತಿರ ನಿಂತು ಟೊಯ್ನಿ ಅತ್ತಳು. ನನಗೆ ಎಣಿಸುತ್ತಿದ್ದ ಮಾತ್ರೆಗಳ ಲೆಕ್ಕ ತಪ್ಪಿತು. ಅವಳು ಅಳುವುದನ್ನು ನಾನು ಅಷ್ಟು ವರ್ಷದಲ್ಲಿ ನೋಡಿರಲಿಲ್ಲ.

"ಮದುವೆ ಕಳೆದ್ರೆ ಕಳೀತು ಅಂತ ಇಟ್ಕೋ," ಎಂದಳು. "ಆಮೇಲೆ ಮೇಮೆ ಯಾವುದಕ್ಕೂ ಏಳಲ್ಲ ಕಣೇ ರೌನಾ. ಗೋಡೆ ಕಡೆ ತಿರುಗಿ ಮಲಗಿಬಿಡ್ತಾಳೆ. ನಾನು ಎಷ್ಟು ಮುದುಕೀರನ್ನ ನೋಡಿಲ್ಲ."

ಆ ಸಂಜೆಯೇ ತಾಳೆಗರಿ ಸೀಳಿ ತಾಯಿಯ ಕಾಲು ಅಳೆದಳು.

ಬಕ್ಕಿ ಕೊಳ್ಳುವ ಸುದ್ದಿ ಊರಲ್ಲಿ ಹರಡಿದ್ದೇ ತಡ, ತಲೆಗೊಂದು ಮಾತು ಶುರುವಾಯಿತು. ಮಲಾಕಿಯ ಫೋನಿನಲ್ಲಿ, ಮುಂದೆ ಎರಡೇ ಸೀಟಿನದು ತಗೋ, ಹಿಂದೆ ತೊಟ್ಟಿ ಉದ್ದ ಇರುತ್ತೆ, ಎರಡು ಹೋರಿ ನಿಲ್ಲಿಸಬಹುದು ಎಂದ. ಹೆರಿಗೆ ನರ್ಸು ದಿನಾ ಎರಡು ಹೋರಿ ಕಟ್ಟಿಕೊಂಡು ಕೆಲಸಕ್ಕೆ ಹೋಗುತ್ತಾಳಾ ಎಂದು ಟೊಯ್ನಿ ಕೇಳಿದ್ದಕ್ಕೆ ಅವನಿಗೆ ಸಿಟ್ಟು ಬಂತು. ಪಾದ್ರಿ, ನಾಲ್ಕು ಚಕ್ರಕ್ಕೂ ಇಂಜಿನ್ ಬಲ ಇರುವುದೇ ಆಗಬೇಕು ಎಂದರು. ಹೆಡ್‌ಮಾಸ್ಟರು ಮೈಲೇಜಿನ ಮೇಲೆ ಅರ್ಧ ಗಂಟೆ ಪಾಠ ಮಾಡಿದರು. ರಸ್ತೆ ಬದಿಯ ಅಂಗಡಿಯ ಮಾರ್ತಾಳಿಗೆ ಬೇಕಿದ್ದದ್ದು ಬಿಯರ್ ಕ್ರೇಟು ಹಿಡಿಸುವ ಗಾಡಿ, ಅದನ್ನು ಅವಳು ಮುಚ್ಚಿಡಲೂ ಇಲ್ಲ. ಎರಾಸ್ಟಸ್ ಮಾತ್ರ ಹಡಗಿನಿಂದ, "ನಿನಗೆ ಯಾವುದು ಸರಿ ಅನ್ಸುತ್ತೋ ಅದು," ಎಂದ. ಅವನ ಮೇಲಿನ ನನ್ನ ಗೌರವ ಅಂದು ಹೆಚ್ಚಿತು.

ಕುಕುವಿನದೂ ಒಂದು ಷರತ್ತಿತ್ತು. "ಮುಂದೆ ಕೂರಲ್ಲ. ಹಿಂದಿನ ಸೀಟು. ಮಂತ್ರಿಗಳು ಬಂದಾಗ ನೋಡಿದೀನಿ, ದೊಡ್ಡೋರು ಹಿಂದಿನ ಸೀಟಲ್ಲೇ ಕೂರೋದು. ಮುಂದೆ ಡ್ರೈವರ್ ಪಕ್ಕ ಕೂರೋನು ಅವರ ಚೀಲ ಹಿಡ್ಕೊಳೋನು."

ಹಾಗಾಗಿ ನಾಲ್ಕು ಬಾಗಿಲಿನ ಡಬಲ್ ಕ್ಯಾಬ್ ಎಂಬುದು ತೀರ್ಮಾನವಾಯಿತು. ಟೊಯ್ನಿಯ ಮನಸ್ಸಿನಲ್ಲಿ ಇನ್ನೂ ಒಂದಿತ್ತು. ಹಿಂದಿನ ತೊಟ್ಟಿಗೆ ಬೀಗ ಹಾಕುವ ಮುಚ್ಚಳ. ಮಲಾಕಿಯನ ಬಕ್ಕಿಯ ಗತಿ ಅವಳು ಕಂಡಿದ್ದಳು. ಯಾರ ಮನೆಯಲ್ಲಿ ಸಾವಾದರೂ ಸೌದೆಗೆ ಅದೇ, ನೀರಿನ ಡ್ರಮ್ಮಿಗೆ ಅದೇ, ಚರ್ಚಿನ ಗಾಯನ ಮಂಡಳಿಗೂ ಅದೇ. ಬಕ್ಕಿ ಇಟ್ಟುಕೊಂಡವನ ಬೇಲಿ ಬಾಗಿಲು ಮುಚ್ಚುವುದೇ ಇಲ್ಲ.

"ನನ್ನ ಕೈ ಊರಿಗೆ ಕೊಟ್ಟಿದೀನಿ," ಎಂದಳು ನನಗೆ. "ಹೊತ್ತಲ್ಲದ ಹೊತ್ತಲ್ಲಿ ಕರೆದ್ರೂ ಹೋಗ್ತೀನಿ. ಗಾಡಿ ಮಾತ್ರ ನನಗೂ ಮೇಮೆಗೂ."

"ನನಗೆ?" ಎಂದೆ.

"ನೀನು ಗಾಡಿ ಜೊತೆ ಬಂದ ಸಾಮಾನು," ಎಂದಳು.

ಮೊದಲು ಹೋದದ್ದು ಒಂಗ್ವೆಡಿವಾ ಪೇಟೆಗೆ. ಅಲ್ಲಿದ್ದವು ಆನೆಯಂಥ ಬಕ್ಕಿಗಳು. ತಾಳೆಗರಿಯ ಕೆಳಗಿನ ಗಂಟು ಫುಟ್‌ಬೋರ್ಡಿನ ಹತ್ತಿರವೂ ಬರಲಿಲ್ಲ. ಸಜ್ಜೆ ಕಣಜಕ್ಕೆ ಹತ್ತುವ ಏಣಿ ತಂದರೆ ಹತ್ತಬಹುದಿತ್ತು. ಮುಂದಿನ ಅಂಗಡಿಯಲ್ಲಿದ್ದವು ಪುಟ್ಟವು, ಹಳೆಯ ಕಾರಿನಷ್ಟೇ ತಗ್ಗು, ನಾನು ಕೂತರೆ ಬಾಗಿಲು ಮುಚ್ಚಲು ಮಾರಾಟಗಾರ ಹೊರಗಿನಿಂದ ಒತ್ತಬೇಕಾಯಿತು. ಅವನು ನಗಲಿಲ್ಲ, ಆದರೆ ಕಷ್ಟಪಟ್ಟು ನಗಲಿಲ್ಲ.

ಕೊನೆಗೆ ಒಂಡಾಂಗ್ವಾದಲ್ಲಿ, ಹಳೆ ಗಾಡಿ ಮಾರುವ ಒಂದು ಅಂಗಳದಲ್ಲಿ, ಅದು ಕಾಣಿಸಿತು. ದೊಡ್ಡದಲ್ಲ, ಚಿಕ್ಕದಲ್ಲ, ನಡುವಿನ ಅಳತೆಯ ಡಬಲ್ ಕ್ಯಾಬ್. ಬಣ್ಣ ಬದನೆಕಾಯಿಯದು. ಆ ಬಣ್ಣಕ್ಕೇ ಇರಬೇಕು, ಯಾರೂ ಕೊಂಡಿರಲಿಲ್ಲ. ಮಾರುವ ಹುಡುಗ ಲಾಮೆಕ್ ಚೂಪು ಮೂತಿಯ ಬೂಟು ಹಾಕಿಕೊಂಡು ಓಡಿ ಬಂದ.

"ಮೇಮೆ, ಇದರ ಇಂಜಿನ್ ಬಗ್ಗೆ ಹೇಳ್ಬೇಕು ಅಂದ್ರೆ..."

"ಓಡುತ್ತಾ?"

"ಓಡುತ್ತೆ ಮೇಮೆ."

"ಸಾಕು. ಹಿಂದಿನ ಬಾಗಿಲು ತೆಗಿ."

ಹಿಂದಿನ ತೊಟ್ಟಿಯಲ್ಲಿ ದನಕ್ಕೆ ನೆಕ್ಕಿಸುವ ಉಪ್ಪಿನ ಮೂಟೆಗಳನ್ನು ಅಂಚಿನವರೆಗೆ ಹೇರಿದ್ದರು. ಮಧ್ಯಾಹ್ನ ಅವನ ಚಿಕ್ಕಪ್ಪನ ಕೊಟ್ಟಿಗೆಗೆ ಇಳಿಸಿ ಬರಬೇಕಂತೆ. ಮಾರುವ ಗಾಡಿಯಲ್ಲಿ ಮನೆಯ ಸಾಮಾನು ಸಾಗಿಸುವುದನ್ನು ಯಜಮಾನರಿಗೆ ಹೇಳಬೇಡಿ ಎಂದು ಬೇಡಿಕೊಂಡ. ನಾವು ಅದನ್ನು ಕೇಳಿಸಿಕೊಂಡದ್ದೂ ಅಷ್ಟಕ್ಕಷ್ಟೆ. ಟೊಯ್ನಿ ತಾಳೆಗರಿ ಹಿಡಿದು ಕೂತಿದ್ದಳು. ಕೆಳಗಿನ ಗಂಟು ಫುಟ್‌ಬೋರ್ಡಿಗೆ ಸರಿಯಾಗಿ ಬಂತು. ಮೇಲಿನ ಗಂಟು ಸೀಟಿನ ಅಂಚಿಗೆ ಬಂತು. ಅವಳು ಇನ್ನೊಮ್ಮೆ ಅಳೆದಳು. ಮತ್ತೊಮ್ಮೆ ಅಳೆದಳು. ಆಮೇಲೆ ಎದ್ದು ನನ್ನನ್ನು ತಬ್ಬಿಕೊಂಡಳು. ಲಾಮೆಕ್ ತಾನೂ ತಬ್ಬಿಕೊಳ್ಳಬೇಕೋ ಬೇಡವೋ ಎಂದು ನಿಂತಿದ್ದ.

"ಇದಕ್ಕೆ ಹಿಂದಿನ ಎರಡು ಚಕ್ರಕ್ಕೆ ಮಾತ್ರ ಬಲ, ಮೊದಲೇ ಹೇಳ್ತೀನಿ," ಎಂದ ಪಾಪ, ಪ್ರಾಮಾಣಿಕ ಹುಡುಗ.

"ನನ್ನ ತಾಯಿಗೂ ಎರಡೇ ಕಾಲು," ಎಂದಳು ಟೊಯ್ನಿ. "ಇದೇ ಕೊಡು. ಮುಚ್ಚಳ ಹಾಕಿಸಿ, ಬೀಗದ್ದು."

ಕಾಗದ ಪತ್ರ, ಮುಚ್ಚಳ ಎಲ್ಲ ಮುಗಿದು ಬಕ್ಕಿ ಊರಿಗೆ ಬಂದದ್ದು ಮದುವೆಗೆ ಎರಡು ದಿನ ಮೊದಲು, ಗುರುವಾರ. ನಾನು ಮುಂದೆ ಕೂತು ರಾಣಿಯಂತೆ ಬಂದೆ. ಊರು ಹೆಸರಿಡಲು ತಡ ಮಾಡಲಿಲ್ಲ, ಬೇಲಿ ಬಾಗಿಲು ತಲುಪುವಷ್ಟರಲ್ಲಿ ಅದು 'ಬದನೆಕಾಯಿ' ಆಗಿತ್ತು. ಬಾಗಿಲ ಮುಂದಿನ ಮರಳಲ್ಲಿ ಹಿಂದಿನ ಚಕ್ರ ಗಿರ್ರೆಂದು ತಿರುಗಿ ನಿಂತೇಬಿಟ್ಟಿತು. ಪಾದ್ರಿ ಆಶೀರ್ವದಿಸಲು ಬಂದವರು ಮೊದಲು ತಳ್ಳಿದರು, ಆಮೇಲೆ ಆಶೀರ್ವದಿಸಿದರು. ನಾನು ಹೇಳಿರಲಿಲ್ಲವೇ ಎಂದು ಅವರ ಮುಖದಲ್ಲೇ ಬರೆದಿತ್ತು.

ಕುಕು ಹೊಸ ತಲೆವಸ್ತ್ರ ಕಟ್ಟಿ ಕಾದಿದ್ದರು. ಎರಡು ವರ್ಷದ ಮೇಲೆ ಬೇಲಿಯವರೆಗೆ ನಡೆದು ಬಂದರು. ಟೊಯ್ನಿ ಹಿಂದಿನ ಬಾಗಿಲು ತೆರೆದಳು. ಕುಕು ಬಾಗಿಲ ಹಿಡಿ ಹಿಡಿದು ಕಾಲೆತ್ತಿದರು. ಕಾಲು ಫುಟ್‌ಬೋರ್ಡಿನ ಅಂಚಿಗೆ ತಗುಲಿ ಕೆಳಗೆ ಬಂತು. ಮತ್ತೆ ಎತ್ತಿದರು. ಮತ್ತೆ ತಗುಲಿತು. ಮೂರನೆಯ ಸಲ ಎತ್ತಲಿಲ್ಲ.

"ಅಳೆದಿದ್ದು ಯಾರ ಕಾಲು?" ಎಂದು ಕೇಳಿ, ತಿರುಗಿ ಒಳಗೆ ಹೋದರು.

ಟೊಯ್ನಿ ನಿಂತಲ್ಲೇ ತಾಳೆಗರಿ ಹಿಡಿದಳು. ಫುಟ್‌ಬೋರ್ಡು ಗಂಟಿಗಿಂತ ಮೂರು ಬೆರಳು ಮೇಲಿತ್ತು. ಒಣಗಿದ ಗರಿ ಕುಗ್ಗಿದೆ ಎಂದು ನಾವಿಬ್ಬರೂ ನಿರ್ಧರಿಸಿದೆವು. ತಾಳೆಗರಿ ಒಣಗಿದರೆ ಕುಗ್ಗುತ್ತದೆ ಎಂದು ಬುಟ್ಟಿ ಹೆಣೆಯುವ ನಮಗೆ ಯಾರೂ ಹೇಳಬೇಕಾಗಿಲ್ಲ. ಶುಕ್ರವಾರ ಹಸಿ ಗರಿ ಸೀಳಿ ಕುಕುವಿನ ಕಾಲು ಮತ್ತೆ ಅಳೆದರೆ, ಹಳೆಯ ಗರಿ ಒಂದು ಕೂದಲೂ ಕುಗ್ಗಿರಲಿಲ್ಲ. ಮರಳಿನ ತಪ್ಪೆಂದು ಗಟ್ಟಿ ನೆಲದ ಮೇಲೆ ಗಾಡಿ ನಿಲ್ಲಿಸಿದೆವು. ಮೂರು ಬೆರಳು ಮೂರು ಬೆರಳೇ. ಇಟ್ಟಿಗೆ ಇಡೋಣವೆಂದರೆ ಕುಕು ಒಳಗಿನಿಂದಲೇ, "ಸ್ಟೂಲಿನ ತಮ್ಮನ್ನ ಕರ್ಕೊಂಡು ಬಂದಿದೀರಾ?" ಎಂದರು. ಮಲಾಕಿಯ ಫೋನಿನಲ್ಲಿ ಹಿಂದಿನ ಚಕ್ರಕ್ಕೆ ಗುಂಡಿ ತೋಡಿ ಇಳಿಸು ಎಂದ. ಇಳಿಸಬಹುದು, ಆಮೇಲೆ ಮೇಲೆತ್ತಲು ಅವನೇ ಎಪ್ಪತ್ತು ಕಿಲೋಮೀಟರ್ ಬರಬೇಕು.

ಅದೇ ಶುಕ್ರವಾರ ಮಧ್ಯಾಹ್ನ ಮಾರ್ತಾ ಬಂದಳು. ನಮ್ಮ ಊರಿನ ಹೆಂಗಸರಿಗೆಲ್ಲ ಮದುವೆಯ ಕರೆಯಿತ್ತು, ಹೋಗಲು ಗಾಡಿಯಿರಲಿಲ್ಲ.

"ಹಿಂದೆ ಜಾಗ ಖಾಲಿ ಇದೆಯಲ್ಲ ಮೇಮೆ ಟೊಯ್ನಿ."

ಟೊಯ್ನಿಯ ತಾಳ್ಮೆ ಆಗಲೇ ಮುಗಿದಿತ್ತು. "ಹಿಂದೆ ಬೀಗ ಇದೆ ಮೇಮೆ ಮಾರ್ತಾ. ಇದು ಊರಿನ ಗಾಡಿಯಲ್ಲ."

"ಸರಿಬಿಡಿ," ಎಂದಳು ಮಾರ್ತಾ. "ಮೂಗಿಗಿಂತ ಮೂಗುತಿ ಭಾರ. ಗಾಡಿಗಿಂತ ಮುಚ್ಚಳವೇ ಜಾಸ್ತಿ ಆಯ್ತು."

ಶನಿವಾರ ಬೆಳಗ್ಗೆ ನಾನು ಕೆಂಪು ಗೆರೆಯ ಮದುವೆ ಬಟ್ಟೆ ಉಟ್ಟು ಹೋದಾಗ ಟೊಯ್ನಿ ಬೇಲಿಯ ಹತ್ತಿರ ಕೂತಿದ್ದಳು. ತಾನು ಮದುವೆಗೆ ನಿಲ್ಲುವುದಿಲ್ಲ, ನನ್ನನ್ನೂ ಉಡುಗೊರೆಯನ್ನೂ ಅಲ್ಲಿ ಇಳಿಸಿ ತಿರುಗಿ ಬರುತ್ತೇನೆ ಎಂದಳು. ಕುಕು ಚಾಪೆ ಹಾಕಿಕೊಂಡು ಬಾಗಿಲ ನೆರಳಲ್ಲಿ ಕೂತಿದ್ದರು, ಕಣ್ಣು ಬಕ್ಕಿಯ ಮೇಲೆ. ಹೊಸ ತಲೆವಸ್ತ್ರ ಬಿಚ್ಚಿರಲಿಲ್ಲ. ಆದರೂ ಮಾಡುವುದೇನು, ಸಜ್ಜೆ ಹಿಟ್ಟಿನ ಬುಟ್ಟಿಗಳನ್ನೂ ಹುಳಿ ಬರಿಸಿದ ಪಾನಕದ ಗಡಿಗೆಯನ್ನೂ ಹಿಂದೆ ಇಡಬೇಕಿತ್ತು. ಮುಚ್ಚಳ ಎತ್ತಿ ತೊಟ್ಟಿಗೆ ಹತ್ತಿದೆ.

"ರೌನಾ," ಎಂದರು ಕುಕು.

"ಏನು ಕುಕು?"

"ಇಳಿ."

ಇಳಿದೆ.

"ಹತ್ತು."

ಹತ್ತಿದೆ. ಎಂಬತ್ತೊಂದು ವರ್ಷದವರ ಬುದ್ಧಿಗೆ ಏನಾಯಿತೋ ಎಂದು ಟೊಯ್ನಿಯ ಮುಖ ನೋಡಿದೆ. ಕುಕು ಎದ್ದು, ಕೋಲೂರಿ ಬಕ್ಕಿಯ ಹತ್ತಿರ ಬಂದರು.

"ನೀನು ಹತ್ತಿದಾಗ ಮೆಟ್ಟಿಲು ಕೆಳಗೆ ಬರುತ್ತೆ. ನೀನು ಇಳಿದ್ರೆ ಮೇಲೆ ಹೋಗುತ್ತೆ. ಎರಡು ದಿನದಿಂದ ಹುಲ್ಲು ಹಿಡ್ಕೊಂಡು ಅಳೀತಿದೀರಲ್ಲ, ನಿಮ್ಮಿಬ್ಬರಲ್ಲಿ ಒಬ್ಬರಿಗಾದ್ರೂ ಕಣ್ಣಿಲ್ವಾ?"

ಟೊಯ್ನಿ ಅಳೆದಳು. ನಾನು ಹತ್ತಿದರೆ ಅರ್ಧ ಬೆರಳು ಇಳಿಯುತ್ತಿತ್ತು. ಆಗ ನಮ್ಮಿಬ್ಬರಿಗೂ ಒಟ್ಟಿಗೇ ನೆನಪಾಯಿತು, ಆ ಉಪ್ಪಿನ ಮೂಟೆಗಳು. ಭಾರ ಹೊತ್ತು ಸ್ಪ್ರಿಂಗ್ ಪಟ್ಟಿಗಳು ಬಾಗಿದ್ದ ಗಾಡಿಯನ್ನು ಅಳೆದು, ಖಾಲಿ ಗಾಡಿಯನ್ನು ಮನೆಗೆ ತಂದಿದ್ದೆವು. ಟೊಯ್ನಿ ಹಣೆ ಚಚ್ಚಿಕೊಂಡಳು.

"ಒಂದು ರೌನಾಗೆ ಅರ್ಧ ಬೆರಳು," ಎಂದರು ಕುಕು. "ಮೂರು ಬೆರಳಿಗೆ ಆರು ರೌನಾ ಬೇಕು."

"ಈ ಜಿಲ್ಲೆಯಲ್ಲೇ ಇನ್ನೊಂದು ರೌನಾ ಇಲ್ಲ ಕುಕು."

"ಹಾಗಾದ್ರೆ ಹನ್ನೆರಡು ಜನ ಸಾಧಾರಣ ಹೆಂಗಸ್ರು."

ಅಷ್ಟು ಜನ ಹೆಂಗಸರು ಎಲ್ಲಿದ್ದಾರೆ ಎಂಬುದು ಟೊಯ್ನಿಗೆ ಚೆನ್ನಾಗಿ ಗೊತ್ತಿತ್ತು. ಮಾರ್ತಾಳ ಅಂಗಡಿಯ ಮುಂದೆ, ಮದುವೆ ಬಟ್ಟೆ ಉಟ್ಟು, ಬಾರದ ಯಾವುದೋ ಲಾರಿಗೆ ಕಾಯುತ್ತಿದ್ದರು. ಅವಳು ಒಳಗಿನಿಂದ ಸ್ಪ್ಯಾನರ್ ತಂದಳು. ಉಟ್ಟ ಬಟ್ಟೆಯಲ್ಲೇ ತೊಟ್ಟಿಯ ಮೇಲೆ ಹತ್ತಿ, ನಾಲ್ಕು ಬೋಲ್ಟು ಬಿಚ್ಚಿ, ಆ ಮುಚ್ಚಳವನ್ನು ಬೇಲಿಗೆ ಒರಗಿಸಿದಳು. ಆಮೇಲೆ ಅಂಗಡಿಗೆ ನಡೆದಳು. ಇಂಥದ್ದನ್ನು ನೋಡದೆ ಬಿಡುವುದುಂಟೇ, ನಾನೂ ಹಿಂದೆಯೇ ಹೋದೆ.

"ಮೇಮೆ ಮಾರ್ತಾ," ಎಂದಳು ಟೊಯ್ನಿ, ಹೆರಿಗೆ ಕೋಣೆಯ ದನಿಯಲ್ಲ, ಬೆಕ್ಕಿನ ಮರಿಯ ದನಿ. "ನಿಮ್ಮಿಂದ ಒಂದು ಉಪಕಾರ ಆಗ್ಬೇಕಿತ್ತು."

"ನಮ್ಮಿಂದ? ಬೀಗ ಇರೋರಿಗೆ ನಮ್ಮಂಥೋರಿಂದ ಏನು ಉಪಕಾರ?"

"ನಿಮ್ಮ ತೂಕ ಬೇಕಿತ್ತು."

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಟೊಯ್ನಿ ಎಲ್ಲವನ್ನೂ ಹೇಳಿದಳು. ಉಪ್ಪು, ಮೂರು ಬೆರಳು, ಕುಕು, ಎಲ್ಲ. ಮಾರ್ತಾ ಸೊಂಟದ ಮೇಲೆ ಕೈಯಿಟ್ಟು ನಿಂತಳು. ಟೊಯ್ನಿ ತನ್ನ ಇಬ್ಬರು ಮಕ್ಕಳನ್ನು ಹೆರಿಸಿದವಳು ಎಂಬುದು ಅವಳಿಗೆ ನೆನಪಿತ್ತು. ನಿನ್ನೆಯ ಮಾತು ಅದಕ್ಕಿಂತ ಹೆಚ್ಚು ನೆನಪಿತ್ತು.

"ಬರ್ತೀವಿ," ಎಂದಳು ಕೊನೆಗೆ. "ಆದ್ರೆ ಉಪ್ಪಿನ ಮೂಟೆ ಅಂತ ಅಲ್ಲ. ನೆಂಟರು ಅಂತ."

"ನೆಂಟರು ಅಂತಾನೇ," ಎಂದಳು ಟೊಯ್ನಿ.

ನನ್ನನ್ನೂ ಸೇರಿಸಿ ಹನ್ನೆರಡು ಜನ ಹತ್ತಿದೆವು. ಕುಕು ಕೋಲಿನಿಂದ ತೋರಿಸಿ ತೋರಿಸಿ ಕೂರಿಸಿದರು. ನೀನು ಆ ಮೂಲೆಗೆ, ನೀನು ಈ ಕಡೆಗೆ, ರೌನಾ ಎಲ್ಲರ ಹಿಂದೆ. ಜೀವಮಾನದಲ್ಲಿ ಮೊದಲ ಸಲ ನನ್ನ ತೂಕಕ್ಕೆ ಬೆಲೆ ಬಂದಿತ್ತು, ನಾನೂ ಮೈ ಸಡಿಲ ಬಿಟ್ಟು ಕೂತೆ. ಟೊಯ್ನಿ ಕೆಳಗೆ ಬಗ್ಗಿ ಅಳೆದು ಸರಿದು ನಿಂತಳು. ಕುಕು ಬಾಗಿಲ ಹಿಡಿ ಹಿಡಿದರು. ಕಾಲೆತ್ತಿದರು. ಕಾಲು ಫುಟ್‌ಬೋರ್ಡಿನ ಮೇಲೆ ನಿಂತಿತು. ಇನ್ನೊಂದು ಕಾಲೂ ಬಂತು. ಹೊರಳಿ ಸೀಟಿನ ಮೇಲೆ ಕೂತು, ಸೆರಗಿನಂತೆ ಹೊದ್ದ ವಸ್ತ್ರ ಸರಿಮಾಡಿಕೊಂಡು, "ಹೊರಡು, ಹೊತ್ತಾಯ್ತು," ಎಂದರು, ನಾವೇ ತಡ ಮಾಡಿದೆವೆಂಬಂತೆ. ನಾಲಿಗೆ ಹೊರಳಿಸಿ ನಾವು ಹಾಕಿದ ಮದುವೆ ಕೂಗಿಗೆ ಊರಿನ ನಾಯಿಗಳೆಲ್ಲ ಎದ್ದವು.

ಗುರುವಾರ ಗಿರ್ರೆಂದು ನಿಂತಿದ್ದ ಮರಳಲ್ಲಿ ಬದನೆಕಾಯಿ ಹದವಾಗಿ ಉರುಳಿಕೊಂಡು ಹೋಯಿತು. ಹಿಂದಿನ ಚಕ್ರದ ಮೇಲೆ ಹನ್ನೆರಡು ಹೆಂಗಸರ ಭಾರ ಬಿದ್ದಿತ್ತು, ಅದು ಜಾರುವುದಾದರೂ ಹೇಗೆ. ಪಾದ್ರಿ ತಳ್ಳಲು ತಯಾರಾಗಿ ತೋಳು ಮಡಿಸಿ ನಿಂತಿದ್ದರು, ಕೈ ಬೀಸಿ ಕಳಿಸಿಕೊಟ್ಟರು. ಎಪ್ಪತ್ತು ಕಿಲೋಮೀಟರ್ ಹಾಡಿದೆವು. ಕುಕು ಆಗಾಗ ಗಾಜು ಇಳಿಸಿ, ಹಾಡಿನ ಮಾತು ತಪ್ಪಾಯಿತೆಂದು ತಿದ್ದುತ್ತಿದ್ದರು. ಎರಡು ವರ್ಷದಲ್ಲಿ ಹೊಸದಾಗಿ ಎದ್ದ ಪ್ರತಿಯೊಂದು ತಗಡಿನ ಮನೆ ಯಾರದೆಂದು ಕೇಳಿ ತಿಳಿದುಕೊಂಡರು.

ಮಲಾಕಿಯನ ಬೇಲಿಯ ಹತ್ತಿರ ಬಂದಾಗಲೇ ನಮಗೆ ಹೊಳೆದದ್ದು. ಹತ್ತುವುದಷ್ಟೇ ಅಲ್ಲ, ಇಳಿಯುವುದೂ ಇದೆ.

"ಯಾರೂ ಅಲ್ಲಾಡ್ಬೇಡಿ," ಎಂದು ಟೊಯ್ನಿ ಕಿಟಕಿಯಿಂದ ಕೂಗಿದಳು, ಈಗ ಹೆರಿಗೆ ಕೋಣೆಯ ದನಿ. "ಮೇಮೆ ಇಳಿಯೋವರೆಗೂ ಒಬ್ಬರೂ ಕೆಳಗೆ ಹಾರ್ಬಾರ್ದು."

ಮದುವೆ ಮನೆಯ ಹೆಂಗಸರು ಕುಣಿಯುತ್ತ ನಮ್ಮನ್ನು ಎದುರುಗೊಳ್ಳಲು ಬಂದರು. ನಾವು ಹಾರಿ ಇಳಿದು ಕುಣಿತಕ್ಕೆ ಕುಣಿತ ಸೇರಿಸಬೇಕು, ಅದೇ ಪದ್ಧತಿ. ಇಳಿಯುವಂತಿಲ್ಲ. ತೊಟ್ಟಿಯಲ್ಲಿ ಕೂತಲ್ಲೇ ಭುಜ ಕುಣಿಸುತ್ತ, ಕೂತಲ್ಲೇ ಕೂಗು ಹಾಕಿದೆವು. ಮಾರ್ತಾ ನನ್ನ ಪಾದದ ಮೇಲೆ ಕೂತಿದ್ದಳು. ಕುಕುವಿಗೆ ಅವಸರವೇ ಇರಲಿಲ್ಲ. ಬಾಗಿಲು ತೆರೆಯಿತು. ಮೊದಲು ತಲೆವಸ್ತ್ರ ಮುಟ್ಟಿ ನೋಡಿಕೊಂಡರು. ಆಮೇಲೆ ಕೋಲು ಕೇಳಿದರು. ಆಮೇಲೆ, ಆ ಬೇಲಿಗೆ ಒರಗಿ ನಿಂತವನು ಯಾರ ಮಗ ಎಂದು ವಿಚಾರಿಸಿದರು. ಎರಡು ವರ್ಷ ಕಾದವರು ಇಡೀ ಮದುವೆಯನ್ನು ಎರಡು ನಿಮಿಷ ಕಾಯಿಸಿದರು.

ಅಷ್ಟರಲ್ಲಿ ಒಳಗಿನಿಂದ ಮದುಮಗಳು ಬಂದಳು. ಮದುಮಗಳು ಮೆಲ್ಲಗೆ ನಡೆಯಬೇಕು, ಅವಳು ಓಡಿ ಬಂದಳು.

"ಎಂಬುಶೆ," ಎಂದಳು, ಕೈ ಚಾಚಿ.

"ಅಲ್ಲೇ ನಿಲ್ಲು," ಎಂದರು ಕುಕು. "ನಾನೇ ಬರ್ತೀನಿ."

ಒಂದು ಕಾಲು ನೆಲಕ್ಕೆ ಬಂತು. ಇನ್ನೊಂದು ಬಂತು. ಕುಕು ಸೈಮಾ ನೆಟ್ಟಗೆ ನಿಂತು, ಮರಳಲ್ಲಿ ಒಂದೊಂದಾಗಿ ಏಳು ಹೆಜ್ಜೆ ನಡೆದು, ತನ್ನ ಹೆಸರಿನ ಹುಡುಗಿಯ ಕೆನ್ನೆಗಳನ್ನು ಎರಡೂ ಕೈಯಲ್ಲಿ ಹಿಡಿದರು. ತಲೆವಸ್ತ್ರ ಇದ್ದ ಜಾಗದಲ್ಲೇ ಇತ್ತು. ಅಜ್ಜಿ ಮೊಮ್ಮಗಳು ಏನು ಮಾತಾಡಿಕೊಂಡರೋ ನಮಗೆ ಕೇಳಿಸಲಿಲ್ಲ, ಇಬ್ಬರೂ ನಗುತ್ತಿದ್ದರು. ಟೊಯ್ನಿ ಸ್ಟೇರಿಂಗ್ ಮೇಲೆ ಹಣೆಯಿಟ್ಟು ಕೂತಿದ್ದಳು, ಭುಜ ಅಲುಗುತ್ತಿತ್ತು. ನಾನು ಹಿಂದಿನ ಗಾಜು ತಟ್ಟಿದೆ.

"ನಡೆದಳು ಕಣೇ," ಎಂದಳು, ತಿರುಗದೆ.

"ನೋಡಿದೆ," ಎಂದೆ. ನನ್ನ ಕಣ್ಣೂ ತುಂಬಿತ್ತು.

ಕುಕು ಎಂಬುಶೆಯ ತೋಳು ಹಿಡಿದು ಒಳಗೆ ಹೊರಟರು. ನಾವಿನ್ನೂ ತೊಟ್ಟಿಯಲ್ಲೇ ಕೂತಿದ್ದೆವು.

"ಕುಕು," ಎಂದು ಮಾರ್ತಾ ಕೂಗಿದಳು, "ನಾವು ಇಳೀಬೋದಾ?"

"ಇಳೀರಿ, ಉಣ್ಣಿ, ಚೆನ್ನಾಗಿ ಉಣ್ಣಿ," ಎಂದರು ಕುಕು, ಹಿಂದೆ ನೋಡದೆ. "ಒಬ್ಬರೂ ತೂಕ ಇಳಿಸ್ಕೋಬೇಡಿ. ನಾನು ವಾಪಸ್ ಹತ್ಬೇಕು."

ಆ ಸಂಜೆ ನಮ್ಮ ಊರಿನ ಕಡೆ ಹೊರಟ ಖಾಲಿ ಗಾಡಿಗಳು ಮೂರಿದ್ದವು, ಮೆತ್ತನೆ ಸೀಟಿನವು. ಹನ್ನೆರಡು ಜನರಲ್ಲಿ ಒಬ್ಬಳೂ ಅವನ್ನು ಹತ್ತಲಿಲ್ಲ.